ಮುಂಗಡದ ಹಣ, ಮಾತಿನ ಬೆಲೆ

ಮಂಗಳೂರಿನ ಕದ್ರಿ, ಬಿಜೈ, ಕಂಕನಾಡಿ ಮೊದಲಾದ ಕಡೆಗಳಲ್ಲಿ ಇಂದಿಗೂ ಉಳಿದಿರುವ ಹಳೆಯ ಹೆಂಚಿನ ಮನೆಯೊಂದು ಮಾರಾಟಕ್ಕೆ ಬಂದಿತೆಂದರೆ, ಅದರ ಹಿಂದೆ ಬಹುಮಟ್ಟಿಗೆ ಒಂದು ಕುಟುಂಬದ ದೀರ್ಘಾಲೋಚನೆಯೇ ಇರುತ್ತದೆ. ಅಣ್ಣತಮ್ಮಂದಿರು ಒಪ್ಪಬೇಕು, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ದೊರೆಯಬೇಕು, ಮುಂಬಯಿಯಲ್ಲೋ ದುಬಾಯಿಯಲ್ಲೋ ನೆಲಸಿದವರಿಂದ ಅಧಿಕಾರಪತ್ರ ಬರಬೇಕು. ಇಷ್ಟೆಲ್ಲ ಕೂಡಿಬಂದು, ಸೆಂಟ್ಸಿಗೆ ಇಷ್ಟೆಂದು ಕ್ರಯ ನಿಷ್ಕರ್ಷೆಯಾಗಿ, ಛಾಪಾಕಾಗದದ ಮೇಲೆ ಕರಾರು ಬರೆದಾದ ಮೇಲೆ, ಕೊಳ್ಳುವವನು ಕೊಡುತ್ತೇನೆಂದ ಮುಂಗಡವನ್ನೇ ಕೊಡದೆ ಹೋದರೆ ಆ ಕುಟುಂಬಕ್ಕೆ ಒದಗುವ ಸಂಕಟವು ಹಣದ ಸಂಕಟವಷ್ಟೇ ಆಗಿರುವುದಿಲ್ಲ.

ಇಂಥ ವ್ಯವಹಾರ ಕೆಡುವ ರೀತಿ ಸಾಮಾನ್ಯವಾಗಿ ಒಂದೇ. ಬ್ರೋಕರನ ಸಮಕ್ಷಮದಲ್ಲಿ ಅಲ್ಪ ಮೊತ್ತವನ್ನು ಟೋಕನ್ ಎಂದು ಕೊಟ್ಟು, ಉಳಿದ ಅಡ್ವಾನ್ಸಿಗೆ ಮುಂದಿನ ತಾರೀಕಿನ ಚೆಕ್ ಬರೆಯುತ್ತಾರೆ. ಮಾರುವವನು ಅದನ್ನು ನಂಬಿ, ಕೇಳಲು ಬಂದ ಬೇರೆಯವರನ್ನು ಹಿಂದಕ್ಕೆ ಕಳುಹಿಸಿ, ತನಗೊಂದು ಫ್ಲಾಟನ್ನೂ ಗೊತ್ತುಮಾಡಿಕೊಳ್ಳುತ್ತಾನೆ. ಅಷ್ಟರಲ್ಲಿ ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂಬ ಬ್ಯಾಂಕಿನ ಚೀಟಿಯೊಡನೆ ಚೆಕ್ ಮರಳುತ್ತದೆ. ಸಾಲ ಮಂಜೂರಾಗಲಿಲ್ಲ, ಮುಂದಿನ ತಿಂಗಳು ನೋಡೋಣ ಎಂಬ ಉತ್ತರ ಬರುತ್ತದೆ.

ಆಗ ಮಾರುವವನು ಮೊದಲು ತಿಳಿಯತಕ್ಕದ್ದೆಂದರೆ, ಸ್ವತ್ತು ವರ್ಗಾವಣೆಯ 1882ರ ಕಾಯಿದೆಯ 54ನೆಯ ಕಲಮಿನ ಮೇರೆಗೆ ಕ್ರಯದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಆದರೆ ಕರಾರು ನಿರರ್ಥಕವೂ ಅಲ್ಲ. ಅದು ಉಭಯತರನ್ನೂ ಬಂಧಿಸುತ್ತದೆ. ಆದುದರಿಂದ ಬಾಯಿಮಾತಿನಲ್ಲಿ ವ್ಯವಹಾರ ಮುರಿಯಿತೆಂದು ಹೇಳಿ ಸ್ವತ್ತನ್ನು ಬೇರೆಯವರಿಗೆ ಮಾರುವುದು ಅಪಾಯಕರ. ಗಡುವನ್ನು ಸ್ಪಷ್ಟವಾಗಿ ತಿಳಿಸಿ, ಅದರೊಳಗೆ ಹಣ ಸಲ್ಲದಿದ್ದರೆ ಕರಾರು ರದ್ದಾಗುವುದೆಂದು ವಕೀಲರ ಮುಖಾಂತರ ನೋಟಿಸು ಕೊಡುವುದೇ ಕ್ಷೇಮದ ಮಾರ್ಗ. ಕರಾರುಭಂಗದಿಂದ ನೇರವಾಗಿ ಉಂಟಾದ ನಷ್ಟವನ್ನು 1872ರ ಕರಾರು ಕಾಯಿದೆಯ 73ನೆಯ ಕಲಮಿನ ಆಧಾರದಿಂದ ಕೇಳಬಹುದು. ಚೆಕ್ ಬೌನ್ಸ್ ಆಗಿದ್ದರೆ, ಬ್ಯಾಂಕಿನಿಂದ ವರ್ತಮಾನ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟು, ಅದು ತಲಪಿದ 15 ದಿನಗಳೊಳಗೆ ಹಣ ಬಾರದಿದ್ದರೆ, ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನಂತೆ ಒಂದು ತಿಂಗಳೊಳಗೆ ದೂರು ಹೂಡಬಹುದು. ಕ್ರಯದ ಕರಾರಿನ ಪ್ರಕಾರ ಕೊಟ್ಟ ಚೆಕ್ಕಿಗೂ ಈ ಕಲಮು ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ.

ಮುಂಗಡ ಸಂದು, ಬಾಕಿ ಹಣ ಸಲ್ಲದಿದ್ದಾಗ ಪ್ರಶ್ನೆ ಬೇರೆಯ ರೂಪವನ್ನು ತಾಳುತ್ತದೆ. ಕೈಗೆ ಬಂದ ಹಣವನ್ನೆಲ್ಲ ಮಾರುವವನು ಮುಟ್ಟುಗೋಲು ಹಾಕಿಕೊಳ್ಳಬಹುದೇ? ದೆಹಲಿಯ ಬಂಗಲೆಯೊಂದರ ಕರಾರಿನಲ್ಲಿ 1,000 ರೂಪಾಯಿ ಸಂಚಕಾರವೆಂದೂ, ಆಮೇಲೆ 24,000 ರೂಪಾಯಿ ಸ್ವಾಧೀನ ಕೊಟ್ಟಾಗಲೂ ಸಂದಿದ್ದು, ಆ 25,000ವನ್ನೂ ಉಳಿಸಿಕೊಳ್ಳುವ ಹಕ್ಕನ್ನು ಮಾರಿದವನು ಸಾಧಿಸಹೊರಟಾಗ, ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ಸಂಚಕಾರದ 1,000ಕ್ಕೆ ಮಾತ್ರ ಆ ಹಕ್ಕನ್ನು ಒಪ್ಪಿ, ಉಳಿದುದು ದಂಡದ ಸ್ವರೂಪದ್ದೆಂದು ಭಾವಿಸಿ ಕರಾರು ಕಾಯಿದೆಯ 74ನೆಯ ಕಲಮಿಗೆ ಅಧೀನವೆಂದಿತು. ಮಾತು ನೆರವೇರಿಸುವೆನೆಂಬುದಕ್ಕೆ ಇಟ್ಟ ಒತ್ತೆ ಒಂದು, ಕ್ರಯದ ಭಾಗವಾಗಿ ಕೊಟ್ಟ ಹಣ ಮತ್ತೊಂದು ಎಂಬ ಈ ವಿವೇಚನೆ ಇಂದಿಗೂ ಪ್ರಮಾಣವಾಗಿದೆ.

ನಮ್ಮ ರಾಜ್ಯದ್ದೇ ಆದ ನಿದರ್ಶನವೂ ಇದೆ. ಬೆಂಗಳೂರಿನ ಒಂದು ಸ್ವತ್ತಿಗೆ 2007ರಲ್ಲಿ 55.5 ಲಕ್ಷ ರೂಪಾಯಿಗೆ ಕರಾರಾಗಿ, 20 ಲಕ್ಷ ಮುಂಗಡ ಸಂದಿತು; ಉಳಿದುದನ್ನು ನಾಲ್ಕು ತಿಂಗಳಲ್ಲಿ ಕೊಡಬೇಕಾಗಿತ್ತು. ಕೊಳ್ಳುವವರು ಕೊಡಲಿಲ್ಲ. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮುಂಗಡ ಸಂಚಕಾರವೇ ಎಂದೂ, ಅದನ್ನು ಮುಟ್ಟುಗೋಲು ಹಾಕಿದುದು ಸರಿಯೆಂದೂ ತೀರ್ಪಿತ್ತಿತು. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 22ನೆಯ ಕಲಮಿನಂತೆ, ಮುಂಗಡ ಹಿಂದಿರುಗಿಸಬೇಕೆಂದು ದಾವೆಯಲ್ಲಿಯೇ ಪ್ರತ್ಯೇಕವಾಗಿ ಬೇಡಿಕೊಳ್ಳದಿದ್ದುದು ಕೂಡ ಕೊಳ್ಳುವವರಿಗೆ ಪ್ರತಿಕೂಲವಾಯಿತು. ಕರಾರಿನಲ್ಲಿ ಒಂದು ಸಾಲು, ದಾವೆಯಲ್ಲಿ ಒಂದು ಬೇಡಿಕೆ, ಇವುಗಳ ಮೇಲೆ ಇಪ್ಪತ್ತು ಲಕ್ಷ ನಿಂತಿತೆಂಬುದನ್ನು ನಾವು ಮರೆಯಲಾಗದು.

ಕಾಲದ ವಿಷಯದಲ್ಲಿಯೂ ನ್ಯಾಯಾಲಯದ ದೃಷ್ಟಿ ಬದಲಾಗಿದೆ. ಸ್ಥಿರಸ್ವತ್ತಿನ ಕರಾರುಗಳಲ್ಲಿ ಗಡುವು ಮುಖ್ಯವಲ್ಲವೆಂಬ ಹಳೆಯ ಭಾವನೆಯು, ನಗರಗಳಲ್ಲಿ ಭೂಮಿಯ ಬೆಲೆ ವೇಗವಾಗಿ ಏರುತ್ತಿರುವ ಈ ಕಾಲಕ್ಕೆ ಹೊಂದುವುದೇ ಎಂದು, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು 2011ರ ತೀರ್ಪೊಂದರಲ್ಲಿ ವಿಚಾರ ಮಾಡಿ, ಹಣ ಕೊಡುವ ತಾರೀಕುಗಳನ್ನು ಕರಾರಿನ ಸಾರವೆಂದೇ ಪರಿಗಣಿಸಿದರು. ಮಂಗಳೂರಿನಂಥ ಊರಿನಲ್ಲಿ ಈ ಮಾತಿನ ಯಥಾರ್ಥತೆ ಯಾರಿಗೂ ಕಾಣದಿರಲಾರದು. ಒಂದು ವರ್ಷ ಬಾಯಿಮಾತಿನಲ್ಲಿ ತಡೆದ ಜಾಗ, ಮಾರುವವನ ಪಾಲಿಗೆ ಅನೇಕ ಲಕ್ಷಗಳ ನಷ್ಟವಾಗಬಹುದು.

ಕೊಳ್ಳುವವನ ಪಕ್ಷದಲ್ಲಿಯೂ ನ್ಯಾಯವಿದೆ. ಈ ಜಿಲ್ಲೆಯಲ್ಲಿ ಮೂಲಗೇಣಿಯ ಹಕ್ಕು, ಅಳಿಯಸಂತಾನ ಕುಟುಂಬಗಳ ಪಾಲು ಮೊದಲಾದ ತೊಡಕುಗಳು ಕರಾರಾದ ಬಳಿಕ ಬೆಳಕಿಗೆ ಬರುವುದುಂಟು. ಅಂಥಲ್ಲಿ ಹಣ ತಡೆದವನನ್ನು ವಚನಭ್ರಷ್ಟನೆನ್ನುವುದು ಅನ್ಯಾಯ. ಆದುದರಿಂದ ಪಹಣಿ, ಇ.ಸಿ., ಹಿಂದಿನ ಪತ್ರಗಳು ಇವನ್ನು ಸಹಿಗೆ ಮೊದಲೇ ಪರಿಶೀಲಿಸುವುದು ಉಭಯತರಿಗೂ ಹಿತ. ಬ್ಯಾಂಕಿನ ಸಾಲ ದೊರೆಯದಿದ್ದರೆ ಏನಾಗುವುದೆಂದು ಕರಾರಿನಲ್ಲಿ ಬರೆಯದೆ ಸಹಿ ಹಾಕಬಾರದು. ಬಿಲ್ಡರನಿಂದ ಫ್ಲಾಟ್ ಕೊಳ್ಳುವಾಗ, ಕರಾರು ನೋಂದಣಿಯಾಗುವ ಮುನ್ನ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದನ್ನು 2016ರ ರೇರಾ ಕಾಯಿದೆ ನಿಷೇಧಿಸಿದೆ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಮುಟ್ಟಿಸಿಕೊಳ್ಳುವುದು 2015ರಿಂದ ಆದಾಯ ತೆರಿಗೆಯ ಕಾನೂನಿಗೂ ವಿರುದ್ಧ.

ಇವೆಲ್ಲದರ ಇಂಗಿತ ಒಂದೇ. ಎಷ್ಟು ಹಣ ಸಂಚಕಾರ, ಎಷ್ಟು ಕ್ರಯದ ಭಾಗ, ಯಾವ ತಾರೀಕಿಗೆ ಎಷ್ಟು ಸಲ್ಲಬೇಕು, ಸಲ್ಲದಿದ್ದರೆ ಏನು, ಎಂಬ ನಾಲ್ಕು ವಿಷಯಗಳನ್ನು ಅಳುಕಿಲ್ಲದೆ ಬರೆಸಿಕೊಳ್ಳಬೇಕು. ನೆಂಟಸ್ತಿಕೆ, ಪರಿಚಯ, ಒಂದೇ ಊರಿನವರೆಂಬ ದಾಕ್ಷಿಣ್ಯಗಳಿಂದ ಇವನ್ನು ಬಿಟ್ಟವರೇ ಕೊನೆಗೆ ಪರಿಚಯವನ್ನೂ ಸ್ವತ್ತನ್ನೂ ಕೋರ್ಟಿನಲ್ಲಿ ಸವೆಸುತ್ತಾರೆ. ಸ್ಪಷ್ಟವಾಗಿ ಬರೆದ ಕರಾರು ಅವಿಶ್ವಾಸದ ಕುರುಹಲ್ಲ. ವಿಶ್ವಾಸವನ್ನು ಕಾಪಾಡಿಕೊಳ್ಳಬಯಸುವವರು ಪರಸ್ಪರ ಸಲ್ಲಿಸತಕ್ಕ ಮೊದಲ ಮರ್ಯಾದೆ ಅದೇ.