ಕಣ್ಣು ಕಟ್ಟಿ ಕೇಳಿದರೆ: ಆಂಪ್ಲಿಫೈಯರ್ ಹೋಲಿಕೆಯ ವಿಜ್ಞಾನ

ಜುಲೈ ತಿಂಗಳ ಒಂದು ಸಂಜೆಯನ್ನು ಊಹಿಸಿಕೊಳ್ಳಿ. ಕಳಸದ ಸುತ್ತಿನ ಕಾಫಿ ತೋಟಗಳಲ್ಲಿ ಮಳೆಯಿಂದಾಗಿ ಕೆಲಸ ನಿಂತಿದೆ. ತೋಟದ ಮನೆಯೊಂದರಲ್ಲಿ ನಾಲ್ವರು ಸ್ನೇಹಿತರು ಸೇರಿದ್ದಾರೆ. ಒಬ್ಬರಿಗೆ ಫಿಲ್ಟರ್ ಕಾಫಿ, ಇನ್ನೊಬ್ಬರಿಗೆ ಬೆಲ್ಲದ ಕಾಫಿ, ಮತ್ತೊಬ್ಬರಿಗೆ ಕಷಾಯವೇ ಆಗಬೇಕು. ಮೇಜಿನ ಮೇಲೆ ಎರಡು ಆಂಪ್ಲಿಫೈಯರುಗಳಿವೆ: ಹಳೆಯದು 20 ವಾಟಿನದು, ಹೊಸದು 40 ವಾಟಿನದು. ಒಂದೇ ವೀಣಾವಾದನವನ್ನು ಎರಡರಲ್ಲೂ ಕೇಳಿದ ಮೇಲೆ, ‘ಹೊಸದರಲ್ಲಿ ತಂತಿಯ ಮೀಟು ಎಷ್ಟು ಬಿಡಿಬಿಡಿಯಾಗಿ ಕೇಳುತ್ತದೆ ನೋಡಿ’ ಎಂದು ಒಬ್ಬರು ತೀರ್ಪು ಕೊಡುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಈ ತೀರ್ಪನ್ನು ನಂಬಿ ಹಣ ಕೊಡಬಹುದೆ?

ಇದೇ ನಾಲ್ವರಿಗೆ ಎರಡು ಬಗೆಯ ಕಾಫಿಬೀಜದ ಗುಣ ನೋಡಿ ಎಂದರೆ ಹೀಗೆ ಅವಸರಪಡುವುದಿಲ್ಲ. ಕಾಫಿಯ ರುಚಿ ಪರೀಕ್ಷಕರು ಅನುಸರಿಸುವ ಕ್ರಮ ಅವರಿಗೆ ಗೊತ್ತು. ಎರಡೂ ಬೀಜಗಳ ಹುರಿತ ಒಂದೇ ಹದದಲ್ಲಿರಬೇಕು, ಪುಡಿಯ ನುಣುಪು ಒಂದೇ ಇರಬೇಕು. 150 ಮಿಲಿಲೀಟರ್ ನೀರಿಗೆ ಸುಮಾರು 8.25 ಗ್ರಾಂ ಪುಡಿ, ನೀರಿನ ಉಷ್ಣತೆ ಸುಮಾರು 93 ಡಿಗ್ರಿ ಸೆಲ್ಸಿಯಸ್. ಹಾಲು, ಸಕ್ಕರೆ ಇಲ್ಲ. ಬಟ್ಟಲಿನ ಮೇಲೆ ತೋಟದ ಹೆಸರಿನ ಬದಲು ಸಂಖ್ಯೆ ಮಾತ್ರ ಇರುತ್ತದೆ. ಒಂದು ಬಟ್ಟಲಿಗೆ ಯಾರಾದರೂ ಗುಟ್ಟಾಗಿ ಅರ್ಧ ಚಮಚ ಸಕ್ಕರೆ ಹಾಕಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು.

ಧ್ವನಿಯ ಹೋಲಿಕೆಯಲ್ಲಿ ಈ ಸಕ್ಕರೆ ಯಾವುದು? ಶಬ್ದದ ಮಟ್ಟ. ಒಂದು ಆಂಪ್ಲಿಫೈಯರು ಇನ್ನೊಂದಕ್ಕಿಂತ 1 ಡೆಸಿಬೆಲ್‌ನಷ್ಟು ಮುಂದಿದ್ದರೆ ನಮಗೆ ‘ಇದು ಗಟ್ಟಿ’ ಎಂದು ಅನ್ನಿಸುವುದೇ ಇಲ್ಲ. ‘ಇದು ಸ್ಪಷ್ಟ’, ‘ಇದು ತುಂಬಿದ ಧ್ವನಿ’ ಎನ್ನಿಸುತ್ತದೆ. ಇದಕ್ಕೆ ಕಾರಣ ಕಿವಿಯ ರಚನೆಯಲ್ಲೂ ಇದೆ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ತೋರಿಸಿಕೊಟ್ಟಂತೆ, ಶಬ್ದ ಮೆಲ್ಲಗಿದ್ದಾಗ ಮಂದ್ರ ಸ್ವರಗಳು ಕಿವಿಗೆ ಇನ್ನೂ ಕಡಿಮೆಯಾಗಿ ಕೇಳುತ್ತವೆ. ಶಬ್ದ ಏರಿದಂತೆ ಅವು ತುಂಬಿಕೊಳ್ಳುತ್ತವೆ. ಹಾಗಾಗಿ ಕೊಂಚ ಜೋರಾಗಿರುವುದೇ ಗೆಲ್ಲುತ್ತದೆ.

ಹಾಗಾದರೆ 40 ವಾಟಿನದು ತಾನಾಗಿಯೇ ಜೋರಲ್ಲವೆ? ಇಲ್ಲ. ವಾಟ್ ಎಂಬುದು ಅದು ಗರಿಷ್ಠ ಎಷ್ಟು ಶಕ್ತಿ ಕೊಡಬಲ್ಲದು ಎಂಬ ಮಿತಿ ಮಾತ್ರ. ಸಾಮಾನ್ಯ ಕೋಣೆಯಲ್ಲಿ ಹಿತವಾಗಿ ಸಂಗೀತ ಕೇಳುವಾಗ ಎರಡೂ ಸರಾಸರಿ 1 ವಾಟಿನ ಆಸುಪಾಸಿನಲ್ಲೇ ಕೆಲಸ ಮಾಡುತ್ತಿರುತ್ತವೆ. ಗುಂಡಿಯನ್ನು ಎಲ್ಲಿಗೆ ತಿರುಗಿಸಿದ್ದಾರೆ ಎಂಬುದೇ ಮುಖ್ಯ. ಮೃದಂಗದ ಪೆಟ್ಟಿನಂಥ ಕ್ಷಣಿಕ ಏರಿಕೆಗಳಿಗೆ ಹತ್ತಿಪ್ಪತ್ತು ಪಟ್ಟು ಶಕ್ತಿ ಬೇಕಾಗಬಹುದು, ನಿಜ. ಆದರೆ 20ರಿಂದ 40 ವಾಟಿಗೆ ಹೋದರೆ ಸಿಗುವ ಅವಕಾಶ 3 ಡೆಸಿಬೆಲ್ ಮಾತ್ರ. ಶಬ್ದ ಇಮ್ಮಡಿಯಾದಂತೆ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 1 ವಾಟಿಗೆ 86 ಡೆಸಿಬೆಲ್ ಕೊಡುವ ಸ್ಪೀಕರಿನ ಬದಲು 92 ಡೆಸಿಬೆಲ್ ಕೊಡುವುದನ್ನು ತಂದರೆ ಆಂಪ್ಲಿಫೈಯರಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದ್ದಕ್ಕೆ ಸಮ. ಅಂಗಡಿಯಲ್ಲಿ ಈ ಲೆಕ್ಕ ಹೇಳುವವರು ಕಡಿಮೆ.

ಹೋಲಿಕೆಯನ್ನು ಸರಿಯಾಗಿ ಮಾಡಲು ಶಾಲೆಯ ಮಲ್ಟಿಮೀಟರ್ ಸಾಕು. ಮೊಬೈಲಿನಿಂದ 400 ಹರ್ಟ್ಸ್‌ನ ಶುದ್ಧ ಸ್ವರವನ್ನು ಮೆಲ್ಲಗೆ ನುಡಿಸಿ. ಸ್ಪೀಕರ್ ಜೋಡಿಸಿರುವಾಗಲೇ ಅದರ ಎರಡು ತುದಿಗಳ ನಡುವಿನ ಪರ್ಯಾಯ ವೋಲ್ಟೇಜನ್ನು ಅಳೆಯಿರಿ. ಎರಡೂ ಆಂಪ್ಲಿಫೈಯರುಗಳಲ್ಲಿ ಒಂದೇ ಅಳತೆ ಬರುವಂತೆ ಗುಂಡಿ ತಿರುಗಿಸಿ. ಶೇಕಡ 12ರಷ್ಟು ವ್ಯತ್ಯಾಸವಿದ್ದರೆ 1 ಡೆಸಿಬೆಲ್, ಶೇಕಡ 1ರಷ್ಟಿದ್ದರೆ ಸುಮಾರು 0.1 ಡೆಸಿಬೆಲ್. ಶೇಕಡ 1ರೊಳಗೆ ತಂದರೆ ಒಳ್ಳೆಯದು.

ಇನ್ನು ಬಟ್ಟಲಿಗೆ ಸಂಖ್ಯೆ ಹಾಕುವ ಕೆಲಸ. ಕೇಳುವವರಿಗೆ ಕಾಣದಂತೆ ಒಬ್ಬರು ನಾಣ್ಯ ಚಿಮ್ಮಿ, ರಾಜ ಬಿದ್ದರೆ ಹಳೆಯದು, ರಾಣಿ ಬಿದ್ದರೆ ಹೊಸದು ನುಡಿಸಲಿ. ನಾಣ್ಯ ಚಿಮ್ಮುವವರು ಮಾತಾಡಬಾರದು, ಮುಗುಳ್ನಗಲೂಬಾರದು! ಹತ್ತು ಬಾರಿ ಹೀಗೆ ಮಾಡಿ, ಎಷ್ಟು ಸಲ ಸರಿಯಾಗಿ ಗುರುತಿಸಿದರು ಎಂದು ಬರೆದುಕೊಳ್ಳಿ. ಸುಮ್ಮನೆ ಊಹಿಸಿದರೆ ಹತ್ತು ಉತ್ತರಗಳ ಸಾಧ್ಯತೆಗಳು 2ರ ಘಾತ 10, ಅಂದರೆ 1024. ಅವುಗಳಲ್ಲಿ ಒಂಬತ್ತು ಅಥವಾ ಹತ್ತು ಸರಿಯಾಗುವ ಬಗೆಗಳು 11 ಮಾತ್ರ, ಸುಮಾರು ಶೇಕಡ 1. ಏಳು ಅಥವಾ ಹೆಚ್ಚು ಸರಿಯಾಗುವ ಬಗೆಗಳು 176, ಅಂದರೆ ಶೇಕಡ 17. ಆದ್ದರಿಂದ ಏಳು ಸರಿ ಬಂದಿತೆಂದು ಹಿಗ್ಗಬೇಕಾಗಿಲ್ಲ.

ಹೀಗೆ ಕೇಳಿಸಿದಾಗ, ಮಿತಿ ಮೀರದೆ ನಡೆಸಿದ ಎರಡು ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳ ವ್ಯತ್ಯಾಸ ಬಹುಮಟ್ಟಿಗೆ ಮಾಯವಾಗುತ್ತದೆ. ಆದರೆ ಎಲ್ಲ ಆಂಪ್ಲಿಫೈಯರುಗಳೂ ಒಂದೇ ಎಂದು ಹೇಳಿಬಿಡುವುದು ತಪ್ಪು. ವಾಲ್ವ್ ಸೆಟ್ಟುಗಳನ್ನೇ ನೋಡಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭವಾಯಿತು. ಅಲ್ಲಿ ತಯಾರಾದ ಇಎಲ್ 84 ವಾಲ್ವುಗಳನ್ನು ಹವ್ಯಾಸಿಗಳು ಇಂದಿಗೂ ಹುಡುಕುತ್ತಾರೆ. ಇಂಥ ಆಂಪ್ಲಿಫೈಯರು ನಿಜವಾಗಿಯೂ ಬೇರೆಯಾಗಿ ಕೇಳಬಹುದು. ಏಕೆಂದರೆ ಅದರ ಒಳತಡೆ ಹೆಚ್ಚು. ‘8 ಓಮ್’ ಎಂದು ಬರೆದಿರುವ ಸ್ಪೀಕರಿನ ತಡೆ ಎಲ್ಲ ಆವೃತ್ತಿಗಳಲ್ಲೂ 8 ಇರುವುದಿಲ್ಲ. ಒಂದು ಕಡೆ 6, ಇನ್ನೊಂದು ಕಡೆ 30 ಓಮ್ ಆಗಬಹುದು. ಆಂಪ್ಲಿಫೈಯರಿನ ಒಳತಡೆ 2 ಓಮ್ ಎಂದುಕೊಳ್ಳಿ. ಆಗ ಸ್ಪೀಕರಿಗೆ ದಕ್ಕುವ ವೋಲ್ಟೇಜು ಮೊದಲ ಆವೃತ್ತಿಯಲ್ಲಿ 6/8 ಭಾಗ, ಎರಡನೆಯದರಲ್ಲಿ 30/32 ಭಾಗ. ವ್ಯತ್ಯಾಸ ಸುಮಾರು 2 ಡೆಸಿಬೆಲ್, ಕಿವಿಗೆ ಸಿಗುವಂಥದು. ಒಳತಡೆ 0.05 ಓಮ್ ಇರುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಇದು 0.1 ಡೆಸಿಬೆಲ್ಲಿಗಿಂತಲೂ ಕಡಿಮೆ. ಓಮ್‌ನ ನಿಯಮ ಕಲಿತ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. (ವಾಲ್ವ್ ಸೆಟ್ಟಿನೊಳಗೆ ನೂರಾರು ವೋಲ್ಟ್ ಇರುತ್ತದೆ. ತರಗತಿಯಲ್ಲಿ ಅದರ ಮುಚ್ಚಳ ತೆಗೆಯಬೇಡಿ.) ಹೆಡ್‌ಫೋನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಸ್ಪೀಕರುಗಳ ವಿಷಯ ಬೇರೆ. ಅವುಗಳ ನಡುವಿನ ಅಂತರ ಗುರುತಿಸಲು ನಾಣ್ಯ ಚಿಮ್ಮುವ ಅಗತ್ಯವೂ ಬೀಳದು. ಸ್ಪೀಕರನ್ನು ಗೋಡೆಯಿಂದ ಅರ್ಧ ಮೀಟರ್ ಸರಿಸಿದರೂ ಮಂದ್ರ ಬದಲಾಗುತ್ತದೆ. ಮಲೆನಾಡಿನಲ್ಲಿ ಇನ್ನೊಂದು ತೊಂದರೆಯಿದೆ. ಹಳೆಯ ಸ್ಪೀಕರುಗಳ ಶಂಕುವಿನ ಸುತ್ತ ಇರುವ ಪಾಲಿಯುರೆಥೇನ್ ಫೋಮ್ ಅಂಚು ತೇವಾಂಶದೊಡನೆ ವರ್ತಿಸಿ ಕ್ರಮೇಣ ಪುಡಿಯಾಗುತ್ತದೆ. ಹೊಸ ಆಂಪ್ಲಿಫೈಯರ್ ತರುವ ಮೊದಲು ಸ್ಪೀಕರಿನ ಜಾಲರಿ ತೆಗೆದು ಈ ಅಂಚನ್ನು ನೋಡಿ.

ನಮ್ಮ ನಾಲ್ವರು ಮರೆತ ಐದನೆಯ ವಾದ್ಯವೊಂದಿದೆ: ಮಾಡಿನ ತಗಡಿನ ಮೇಲೆ ಸುರಿಯುವ ಮಳೆ. ಅದರ ಸದ್ದು ಸಂಗೀತದ ಮೆಲುದನಿಗಳನ್ನು ಮುಚ್ಚಿಬಿಡುತ್ತದೆ. ಆಗ ಕೈ ತಾನಾಗಿ ಗುಂಡಿಗೆ ಹೋಗುತ್ತದೆ. ಕಿವಿಗೆ ಅಂಟಿಕೊಂಡ ಹೆಡ್‌ಫೋನಿನಲ್ಲಿ ಇದು ಅಪಾಯಕಾರಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಯಸ್ಕರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಹೊರಗಿನ ಸದ್ದು ತಡೆಯುವ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಾದರೆ ಮಳೆಯ ಜೊತೆ ಪೈಪೋಟಿ ಬೇಕಿಲ್ಲ; ಮೆಲ್ಲಗೆ ಇಟ್ಟರೂ ವೀಣೆ ಕೇಳುತ್ತದೆ. ಎರಡು ಆಂಪ್ಲಿಫೈಯರುಗಳ ಪರೀಕ್ಷೆಯನ್ನಂತೂ ಮಳೆ ಬಿಟ್ಟ ದಿನಕ್ಕೆ ಇಟ್ಟುಕೊಳ್ಳುವುದೇ ಸರಿ.