ಗಜಗದ ಆಟವೂ ಹಲವು ಭಾಷೆಗಳೂ

ಬೈಲಹೊಂಗಲ, ಕಿತ್ತೂರು ಕಡೆಯ ಹೆಣ್ಣುಮಕ್ಕಳಿಗೆ ಗಜಗವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಈ ಆಟವು ನಮ್ಮ ಸೀಮೆಯೊಂದಕ್ಕೇ ಸೇರಿದ್ದಲ್ಲವೆಂಬುದು ಅನೇಕ ಪಾಲಕರಿಗೆ ತಿಳಿದಿರಲಿಕ್ಕಿಲ್ಲ. ಆದುದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ.

ಗಜಗವು ಮುಳ್ಳುಬಳ್ಳಿಯ ಕಾಯೊಳಗಿನ ಬೂದುಬಣ್ಣದ ಗಟ್ಟಿ ಬೀಜ. ಐದು ಬೀಜಗಳನ್ನು ನೆಲಕ್ಕೆ ಚೆಲ್ಲಿ, ಒಂದನ್ನು ಮೇಲಕ್ಕೆ ಹಾರಿಸಿ, ಅದು ಬೀಳುವದರೊಳಗೆ ಅದೇ ಕೈಯಿಂದ ನೆಲದ ಮೇಲಿನ ಒಂದನ್ನು ಎತ್ತಿಕೊಂಡು, ಹಾರಿಸಿದ್ದನ್ನೂ ಹಿಡಿಯಬೇಕು. ಮುಂದೆ ಎರಡೆರಡು, ಆಮೇಲೆ ಮೂರು ಮತ್ತು ಒಂದು, ಕಡೆಗೆ ನಾಲ್ಕನ್ನೂ ಒಮ್ಮೆಗೇ ಎತ್ತುವದು. ಪಕ್ಕದ ಬೀಜವು ಅಲುಗಿದರೆ ಸರದಿ ಹೋಯಿತು. ಕೊನೆಯಲ್ಲಿ ಐದನ್ನೂ ಹಾರಿಸಿ ಕೈಯ ಹಿಂಬದಿಯ ಮೇಲೆ ನಿಲ್ಲಿಸಿ, ತಿರುಗಿ ಹಾರಿಸಿ ಅಂಗೈಯಲ್ಲಿ ಹಿಡಿಯುವದು.

ಮರಾಠಿಯವರು ಈ ಬೀಜಕ್ಕೂ ಆಟಕ್ಕೂ 'ಸಾಗರಗೋಟೆ' ಎನ್ನುವರು. ಮೈಸೂರು ಸೀಮೆಯಲ್ಲಿ ಬೀಜದ ಬದಲು ಹರಳುಗಳಿಟ್ಟು 'ಅಣ್ಣೆಕಲ್ಲು' ಎಂದೂ, ತೆಲುಗರು 'ಅಚ್ಚನಗಾಯಲು' ಎಂದೂ, ತಮಿಳರು 'ಅಂಜಾಂಗಲ್', ಅಂದರೆ ಐದು ಕಲ್ಲು ಎಂದೂ ಕರೆಯುವರು. ಪ್ರಾಚೀನ ಗ್ರೀಕರ 'ಪೆಂತೆಲಿಥಾ' ಎಂಬ ಹೆಸರಿನ ಅರ್ಥವೂ ಐದು ಕಲ್ಲೆಂದೇ. ಅವರೂ ಕಲ್ಲುಗಳನ್ನು ಕೈಯ ಹಿಂಬದಿಯ ಮೇಲೆಯೇ ಹಿಡಿಯುತ್ತಿದ್ದರು. ಕೊರಿಯ ದೇಶದ ಮಕ್ಕಳ 'ಗೋಂಗಿ'ಯೂ ಇದೇ ರೀತಿ ಮುಗಿಯುತ್ತದೆ. ಯುರೋಪದ ಚಿತ್ರಕಾರ ಬ್ರೂಗೆಲನು 1560ರಲ್ಲಿ ಬರೆದ ಮಕ್ಕಳ ಆಟಗಳ ಚಿತ್ರದಲ್ಲಿ ಇಬ್ಬರು ಹೆಣ್ಣುಮಕ್ಕಳು ಎಲುಬಿನ ತುಣುಕುಗಳಿಂದ ಇಂಥದೇ ಆಟವನ್ನಾಡುತ್ತಿರುವರು.

ಇಷ್ಟು ದೂರದ ನಾಡುಗಳಲ್ಲಿ ಹುಡುಗಿಯರು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಅಕ್ಕನ ಕೈ ನೋಡಿ ತಂಗಿಯ ಕೈ ಕಲಿಯಿತು. ಬೇರೆ ಮನೆಮಾತಿನ ಬಾಲೆಯು ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿ ತೆರೆಯದಿರಬಹುದು. ಆದರೆ ಗಜಗದ ಸುತ್ತ ಕುಳಿತರೆ ಆಕೆಯೇ ಗೆಲ್ಲುವಳು; ಅವಳ ಬಾಯಿಂದ ಹೊರಡುವ ಮೊದಲ ಕನ್ನಡ ಮಾತುಗಳು ಆ ಆಟದ ಎಣಿಕೆಯೇ ಆಗಿರುತ್ತವೆ. ಅಲ್ಲದೆ ಇಲ್ಲಿ ತೀರ್ಪುಗಾರರಿಲ್ಲ. ಬೀಜ ಅಲುಗಿದ್ದು ಬೇರೆಯವರ ಕಣ್ಣಿಗೆ ಬೀಳದಿದ್ದರೂ ಆಡುವವಳೇ ಒಪ್ಪಿಕೊಂಡು ಸರದಿ ಬಿಟ್ಟುಕೊಡಬೇಕು. ಈ ಸತ್ಯಸಂಧತೆಯನ್ನು ನಮ್ಮ ನೀತಿಪಾಠಗಳು ಇಷ್ಟು ಸುಲಭವಾಗಿ ಕಲಿಸಲಾರವು.

ಈಗ ಮಕ್ಕಳ ಬೆರಳುಗಳು ಮೊಬೈಲಿನ ಗಾಜಿನ ಮೇಲೆಯೇ ಆಡುತ್ತಿವೆ. ಅಕ್ಕನ ಕೈ ಆಡುವದನ್ನು ಬಿಟ್ಟರೆ ತಂಗಿಯು ಯಾರನ್ನು ನೋಡಿ ಕಲಿಯಬೇಕು? ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ನಿಮ್ಮ ಹೆಣ್ಣುಮಕ್ಕಳೊಡನೆ ನೆಲದ ಮೇಲೆ ಕುಳಿತು ಐದು ಗಜಗ ಚೆಲ್ಲಿರಿ, ನಿಮ್ಮ ಮನೆಮಾತಿನ ಎಣಿಕೆಯ ಪದಗಳನ್ನು ಬರೆದು ಶಾಲೆಗೆ ಕಳುಹಿಸಿರಿ. ಅವನ್ನು ನಮ್ಮ ಹುಡುಗಿಯರು ಸಂತೋಷದಿಂದ ಆಡಿ ನೋಡುವರು.