ಸವೆತ ವಯಸ್ಸಿನದೋ, ಉನ್ಮಾದದ್ದೋ?

ವಯಸ್ಸಾದಂತೆ ಎಲ್ಲರ ಮೆದುಳೂ ಸ್ವಲ್ಪಸ್ವಲ್ಪ ಸವೆಯುತ್ತದೆ. ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ ಹೊರಪದರ, ಅಂದರೆ ಕಾರ್ಟೆಕ್ಸ್, ತೆಳುವಾಗುತ್ತದೆ. ಒಳಗಿನ ದ್ರವ ತುಂಬಿದ ಕುಹರಗಳು ಹಿಗ್ಗುತ್ತವೆ. ಕೆಲಕಾಲ ಉನ್ಮಾದ, ಕೆಲಕಾಲ ಖಿನ್ನತೆಯಲ್ಲಿ ಸಿಲುಕುವ ಬೈಪೋಲಾರ್ ರೋಗಿಗಳಲ್ಲಿ ಈ ಸವೆತ ಬೇಗ ನಡೆಯುತ್ತದೆಯೇ?

ಹೌದೆನ್ನಿಸುವಂತಿತ್ತು 2018ರ ಒಂದು ಅಧ್ಯಯನ. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ವಿಜ್ಞಾನಿಗಳ ಬಳಗ 2,447 ರೋಗಿಗಳ ಎಂಆರ್‌ಐ ಚಿತ್ರಗಳನ್ನು 4,056 ಆರೋಗ್ಯವಂತರ ಚಿತ್ರಗಳೊಡನೆ ಹೋಲಿಸಿತು. ರೋಗಿಗಳಲ್ಲಿ ಹಣೆಯ ಹಿಂದೆ, ಕಿವಿಯ ಪಕ್ಕ, ನೆತ್ತಿಯ ಕೆಳಗೆ ಕಾರ್ಟೆಕ್ಸ್ ತೆಳುವಾಗಿತ್ತು. ಕಾಯಿಲೆ ಹಳೆಯದಾದಷ್ಟೂ ಕೆಲವೆಡೆ ಇನ್ನಷ್ಟು ತೆಳು.

ಆದರೆ ಅವು ಒಬ್ಬೊಬ್ಬರದೂ ಒಂದೇ ಸಲ ತೆಗೆದ ಚಿತ್ರಗಳು. ಅಜ್ಜ ಮೊಮ್ಮಗನಿಗಿಂತ ಗಿಡ್ಡ ಎಂದಮಾತ್ರಕ್ಕೆ ಅಜ್ಜ ಅಷ್ಟೂ ಕುಗ್ಗಿದ್ದಾನೆ ಎನ್ನಲಾದೀತೇ? ಹರೆಯದಲ್ಲೂ ಅವನು ಗಿಡ್ಡನೇ ಇದ್ದಿರಬಹುದು. ಸವೆತದ ವೇಗ ತಿಳಿಯಬೇಕಾದರೆ ಅದೇ ವ್ಯಕ್ತಿಯನ್ನು ಕೆಲ ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಬೇಕು. ದುಬಾರಿ ಕೆಲಸ, ತಾಳ್ಮೆಯದೂ ಹೌದು. ಅದೇ ಬಳಗ 307 ರೋಗಿಗಳು, 925 ಆರೋಗ್ಯವಂತರನ್ನು ಇಟ್ಟುಕೊಂಡು ಅದನ್ನೂ ಮಾಡಿತು.

ಉತ್ತರ ಅಷ್ಟು ಸರಳವಾಗಿರಲಿಲ್ಲ. ರೋಗಿಗಳ ದ್ರವಕುಹರಗಳು ಬೇಗ ಹಿಗ್ಗಿದ್ದವು, ನಿಜ. ಕಾರ್ಟೆಕ್ಸಿನ ಕೆಲವು ಭಾಗಗಳಲ್ಲಿ ಮಾತ್ರ ಸವೆತ ಆರೋಗ್ಯವಂತರಿಗಿಂತ ನಿಧಾನವಾಗಿತ್ತು! ಇನ್ನೂ ಮುಖ್ಯವಾದ ಸಂಗತಿ ಬೇರೆ: ಉನ್ಮಾದದ ಕಂತುಗಳು ಹೆಚ್ಚಿದಷ್ಟೂ ಕಾರ್ಟೆಕ್ಸ್, ಅದರಲ್ಲೂ ಹಣೆಯ ಹಿಂದಿನ ಭಾಗ, ವೇಗವಾಗಿ ತೆಳುವಾಗಿತ್ತು. ಉನ್ಮಾದವೇ ಮೆದುಳನ್ನು ಸವೆಸುತ್ತದೆ ಎಂದು ಇಷ್ಟರಿಂದಲೇ ಸಾಬೀತಾಗದು. ಆದರೂ ವರ್ಷಗಳ ಲೆಕ್ಕಕ್ಕಿಂತ ಕಂತುಗಳ ಲೆಕ್ಕ ಹೆಚ್ಚು ಹೇಳುತ್ತದೆ ಎಂದು ನನಗನ್ನಿಸುತ್ತದೆ. ಕಂತುಗಳನ್ನಾದರೆ ಔಷಧದಿಂದ ತಡೆಯಬಹುದು.

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಮದ್ದೆಂದು ತೋರಿಸಿಕೊಟ್ಟ ಲಿಥಿಯಂ ಲವಣ ಇಂದಿಗೂ ಮುಂಚೂಣಿಯ ಔಷಧ. 2018ರ ಅಧ್ಯಯನದಲ್ಲಿ ಅದನ್ನು ಸೇವಿಸುತ್ತಿದ್ದವರ ಕಾರ್ಟೆಕ್ಸ್ ಕಡಿಮೆ ತೆಳುವಾಗಿತ್ತು. ಇದು ನರಕೋಶಗಳ ರಕ್ಷಣೆಯೋ, ಎಂಆರ್‌ಐ ಸಂಕೇತವನ್ನೇ ಲಿಥಿಯಂ ಬದಲಿಸುವುದೋ ಎಂಬ ಚರ್ಚೆ ಮುಗಿದಿಲ್ಲ. ಅಳತೆ ತುಸು ಮೀರಿದರೂ ವಿಷವಾಗುವ ಔಷಧವಿದು. ರಕ್ತದಲ್ಲಿ ಅದರ ಪ್ರಮಾಣ, ಮೂತ್ರಪಿಂಡ, ಥೈರಾಯ್ಡ್ ಇವನ್ನೆಲ್ಲ ಆಗಾಗ ಪರೀಕ್ಷಿಸಲೇಬೇಕು.

ಈ ವ್ಯತ್ಯಾಸಗಳೆಲ್ಲ ಸಾವಿರಾರು ಜನರ ಸರಾಸರಿಯಲ್ಲಷ್ಟೇ ಕಾಣುವಂಥವು, ಮಿಲಿಮೀಟರಿನ ಸಣ್ಣ ಪಾಲು. ಆದ್ದರಿಂದ ಸ್ಕ್ಯಾನ್ ನೋಡಿ ಯಾರಿಗೂ ಬೈಪೋಲಾರ್ ಇದೆ ಎನ್ನಲಾಗದು. ವೈದ್ಯರು ಸ್ಕ್ಯಾನ್ ಬರೆದುಕೊಡುವುದು ಗೆಡ್ಡೆಯಂಥ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು. ರೋಗ ಗುರುತಾಗುವುದು ಎಷ್ಟು ರಾತ್ರಿ ನಿದ್ದೆಯಿಲ್ಲದೆಯೂ ದಣಿವಾಗಲಿಲ್ಲ, ಹಣ ಹೇಗೆ ಖರ್ಚಾಯಿತು ಎಂದು ರೋಗಿಯೂ ಮನೆಯವರೂ ಹೇಳುವ ಮಾತಿನಿಂದಲೇ.